ದೇವರ ಗೂಡಿನಲ್ಲಿ ತೊಂಬತ್ತು ದಿನ

ಹೊದಿಕೆಯ ವರ್ಷ ೧೪೩, ಎರಡನೆಯ ಬೇಸಿಗೆಯ ಮೂವತ್ತೆಂಟನೆಯ ದಿನ
ಬಂಡೆಹೊದಿಕೆ, ಕೆಳಗಿನ ಕೇರಿ

ಚಿ|| ಸೌ|| ಹರ್ಷಿಣಿಗೆ, ಅಳತೆಗಿತ್ತಿ ಮುನಿಚೆಲುವಿ ಮಾಡುವ ವಿಜ್ಞಾಪನೆ.

ಮೇಲಿನ ತಾರೀಕು ನಿನಗೆ ಅರ್ಥವಾಗದು, ಕ್ಷಮಿಸು. ನಿಮ್ಮ ಎಣಿಕೆಯಲ್ಲಿ ಇದು ಎರಡು ಸಾವಿರದ ಇನ್ನೂರ ತೊಂಬತ್ತೊಂದು ಎಂದು ನಮ್ಮೂರಿನ ಪಂಚಾಂಗದವರು ಹೇಳುತ್ತಾರೆ. ಒಂದೆರಡು ವರ್ಷ ಆಚೀಚೆ ಆಗಿದ್ದರೆ ಅವರನ್ನೇ ಕೇಳಬೇಕು. ನನ್ನ ಮಾತೂ ನಿನಗೆ ವಿಚಿತ್ರವಾಗಿ ಕೇಳಿಸಬಹುದು. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನೆಲದಡಿಯಲ್ಲಿ ಸಿಕ್ಕ ಹಳೆಯ ಕಾಗದಗಳಿಂದ. ಅವುಗಳಲ್ಲಿ ಮುಕ್ಕಾಲು ಪಾಲು ಲಗ್ನಪತ್ರಿಕೆಗಳು, ಉಳಿದವು ಸಿಮೆಂಟು ಚೀಲದ ಮೇಲಿನ ಸೂಚನೆಗಳು. ನಡುನಡುವೆ ಮದುವೆಗೆ ಕರೆದ ಹಾಗೋ, ಗಾರೆ ಕಲಸಲು ಹೇಳಿದ ಹಾಗೋ ಕಂಡರೆ ತಪ್ಪು ತಿಳಿಯಬೇಡ. ನಿನ್ನನ್ನು ‘ನೀವು’ ಎನ್ನಬೇಕೋ ‘ನೀನು’ ಎನ್ನಬೇಕೋ ಎಂದು ಎರಡು ದಿನ ಯೋಚಿಸಿದೆ. ಲೆಕ್ಕ ಹಾಕಿದರೆ ನೀನು ನನ್ನ ಮುತ್ತಜ್ಜಿಗೂ ಹಿರಿಯಳು. ಆದರೆ ನಾನು ಕಂಡಿರುವುದು ನಿನ್ನ ಎಡಗಾಲಿನ ಗುರುತನ್ನು ಮಾತ್ರ, ಅದು ನನ್ನ ಅಂಗೈಯಷ್ಟೇ ಇದೆ. ಕೊನೆಗೆ ಪಾದವೇ ಗೆದ್ದಿತು.

ಹಸಿ ಸಿಮೆಂಟಿನ ಮೇಲೆ ಕಾಲಿಟ್ಟು, ಪಕ್ಕದಲ್ಲಿ ಬೆರಳಿನಿಂದ ನಿನ್ನ ಹೆಸರನ್ನೂ ೧೯-೨-೨೦೨೬ ಎಂಬ ತಾರೀಕನ್ನೂ ಬರೆದವಳು ನೀನು. ಯಾರೋ ಬೈದಿರಬೇಕು, ಏಕೆಂದರೆ ಬಲಗಾಲಿನ ಗುರುತು ಇಲ್ಲ. ಆ ನೆಲ ಈಗ ನಮ್ಮ ಮನೆಯ ಬಾಣಂತಿ ಕೋಣೆಯ ನೆಲ. ಮೇಲೆ ಹಾಸಿದ್ದ ಹೆಂಚುಗಳನ್ನು ನಾನು ಕಿತ್ತಾಗ ನೀನು ಸಿಕ್ಕಿದೆ. ನಮ್ಮೂರಿನಲ್ಲಿ ಯಾರಾದರೂ ಹಳೆಯ ನೆಲವನ್ನು ಒಡೆದರೆ, ಅದನ್ನು ಹಾಕಿದವರಿಗೆ ಒಂದು ಪತ್ರ ಬರೆದು ಅದೇ ಕುಳಿಯಲ್ಲಿಟ್ಟು ಮುಚ್ಚಬೇಕು. ಇದಕ್ಕೆ ಕುಳಿಪತ್ರ ಎನ್ನುತ್ತೇವೆ. ನಮಗೆ ಕೆಳಗೆ ಎಂದರೆ ಹಿಂದೆ. ಕೆಳಗಿಟ್ಟ ಕಾಗದ ಹಿಂದಿನವರಿಗೆ ತಲುಪುತ್ತದೆ ಎಂದು ಮಕ್ಕಳು ನಂಬುತ್ತಾರೆ, ದೊಡ್ಡವರು ನಂಬಿದ ಹಾಗೆ ನಟಿಸುತ್ತಾರೆ. ಸಾಮಾನ್ಯವಾಗಿ ಎರಡು ಸಾಲು ಸಾಕು: ನಿಮ್ಮ ನೆಲವನ್ನು ಒಡೆದೆವು, ಮನ್ನಿಸಿ. ನನಗೆ ಎರಡು ಸಾಲು ಸಾಲಲಿಲ್ಲ.

ನಿನ್ನ ಊರನ್ನು ನಾವು ಕೆಡವಲಿಲ್ಲ, ಹೊದಿಸಿದೆವು. ಬಿಸಿಲು ತಡೆಯಲಾರದಷ್ಟಾದಾಗ ನಮ್ಮ ಹಿರಿಯರು ಮನೆಗಳ ಮೇಲೂ ಬೀದಿಗಳ ಮೇಲೂ ಎರಡಾಳು ಎತ್ತರ ಮಣ್ಣು ಹೇರಿ ಒಳಗೆ ಉಳಿದರು. ನಮ್ಮ ವರ್ಷಗಳನ್ನು ಅಂದಿನಿಂದ ಎಣಿಸುತ್ತೇವೆ. ಈಗ ನಿಮ್ಮ ತಾರಸಿಗಳ ಮೇಲೆ ಕುಂಬಳಬಳ್ಳಿ ಹಬ್ಬಿದೆ, ಹುರುಳಿ ಬೆಳೆಯುತ್ತದೆ. ಕೆಳಗೆ ಮಲಗಿದ್ದರೆ ಮೇಲೆ ಮೇಕೆಗಳು ಓಡಾಡುವ ಸದ್ದು ಕೇಳಿಸುತ್ತದೆ, ಯಾವ ಮೇಕೆ ಯಾರದೆಂದು ಸದ್ದಿನಲ್ಲೇ ಹೇಳಬಲ್ಲ ಮುದುಕಿಯರಿದ್ದಾರೆ. ಪ್ರತಿ ಮನೆಗೂ ಒಂದು ಬೆಳಕುಕೊಳವೆ ಉಂಟು. ಮಧ್ಯಾಹ್ನ ಒಂದು ಗಂಟೆಯ ಹೊತ್ತು ಸೂರ್ಯ ಅದರೊಳಗಿಂದ ನೇರ ಕೆಳಗಿಳಿಯುತ್ತಾನೆ. ಆಗ ಬಿಸಿಲು ಬಿದ್ದ ಕಡೆ ಇಡೀ ಮನೆ ಬಂದು ಕೂರುತ್ತದೆ, ಸೊಪ್ಪು ಸೋಸುವವರು, ತಲೆ ಬಾಚುವವರು, ಸುಮ್ಮನೆ ಅಂಗೈ ಒಡ್ಡಿ ಕೂರುವವರು. ನಿನಗೆ ಇದು ಕನಸಿನಂತೆ ಕಾಣಬಹುದು. ನನಗೆ ನಿನ್ನ ಕೋಣೆಗೆ ಎರಡು ಕಿಟಕಿಗಳಿದ್ದವು ಎಂಬುದೇ ಕನಸು. ಅವುಗಳ ಚೌಕಟ್ಟುಗಳು ಇನ್ನೂ ಗೋಡೆಯಲ್ಲಿವೆ, ಆಚೆಗೆ ಬರೀ ಮಣ್ಣು.

ಈ ತಂಪಿಗೆ ನಾವು ತೆತ್ತದ್ದು ಒಂದಿದೆ. ನೀವು ರೇಡಾನ್ ಎನ್ನುತ್ತಿದ್ದುದನ್ನು ನಾವು ಕಲ್ಲುಸಿರು ಎನ್ನುತ್ತೇವೆ. ನಮ್ಮ ಊರು ಕೂತಿರುವ ಬಂಡೆ ಅದನ್ನು ಯಾವಾಗಲೂ ಬಿಡುತ್ತಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನೆಲದ ಬಿರುಕಿನಿಂದ ಒಳಗೆ ಬಂದು ಮುಚ್ಚಿದ ಕೋಣೆಯಲ್ಲಿ ನಿಂತುಬಿಡುತ್ತದೆ. ಒಂದು ದಿನಕ್ಕೆ, ಒಂದು ತಿಂಗಳಿಗೆ ಅದು ಯಾರನ್ನೂ ಏನೂ ಮಾಡದು. ವರ್ಷಗಟ್ಟಲೆ ಉಸಿರಾಡಿದವರಲ್ಲಿ ಕೆಲವರಿಗೆ ಶ್ವಾಸಕೋಶದಲ್ಲಿ ಗಡ್ಡೆ ಕಟ್ಟುತ್ತದೆ, ಯಾರಿಗೆ ಎಂದು ಹೇಳಲು ಬರುವುದಿಲ್ಲ. ಅದನ್ನು ಅಳೆಯುವುದು ನನ್ನ ಕಸುಬು. ಉಸಿರುಬಟ್ಟಲು ಎಂಬ ಮುಷ್ಟಿಗಾತ್ರದ ಕಪ್ಪು ಡಬ್ಬಿಯೊಳಗೆ ಉಗುರಿನಷ್ಟು ಪ್ಲಾಸ್ಟಿಕ್ ಚೂರು ಇರುತ್ತದೆ. ಕಲ್ಲುಸಿರು ಅದರ ಮೇಲೆ ಕಣ್ಣಿಗೆ ಕಾಣದ ಗಾಯಗಳನ್ನು ಮಾಡುತ್ತದೆ, ನಾವು ಮಸೂರದಡಿ ಅವನ್ನು ಎಣಿಸುತ್ತೇವೆ. ಬಟ್ಟಲನ್ನು ಜನ ಮಲಗುವ ಅತಿ ಕೆಳಗಿನ ಕೋಣೆಯಲ್ಲಿ, ಸ್ಟೂಲಿನ ಮೇಲೆ, ಒಲೆಗೂ ಕೊಳವೆಗೂ ದೂರವಾಗಿ ತೊಂಬತ್ತು ದಿನ ಇಡಬೇಕು, ಅಲುಗಿಸಬಾರದು. ಬಂದ ಎಣಿಕೆಯನ್ನು ಮನೆಯಾಗಲಿ ಅಂಗಡಿಯಾಗಲಿ ಬಾಗಿಲ ಮೇಲೆ ಸುಣ್ಣದಲ್ಲಿ ಬರೆಯಬೇಕು. ನೂರು ದಾಟಿದರೆ ರಿಪೇರಿ ಆಗಲೇಬೇಕು. ಹೆಣ್ಣು ನೋಡಲು ಬಂದವರು ಮೊದಲು ಕತ್ತೆತ್ತಿ ಬಾಗಿಲ ಮೇಲೆ ನೋಡುತ್ತಾರೆ. ಮುದ್ದೆ ಅಂಗಡಿಯ ಗುರುವಪ್ಪನಂತೂ ತನ್ನ ಮೂವತ್ತೆಂಟನ್ನು ಅಂಗಡಿಯ ಹೆಸರಿಗಿಂತ ದೊಡ್ಡದಾಗಿ ಬರೆಸಿಕೊಂಡಿದ್ದಾನೆ. ಊಟಕ್ಕೆ ಬಂದವರಿಗೆ ಸಾರಿನ ರುಚಿಗಿಂತ ಮೊದಲು ಅದನ್ನೇ ಹೇಳುತ್ತಾನೆ.

ಅಳತೆಗಿತ್ತಿ ತನ್ನ ಮನೆಯನ್ನು ತಾನೇ ಅಳೆಯಬಾರದು ಎಂಬುದು ನಿಯಮ. ನಾನು ಅಳೆದೆ. ನಮ್ಮ ಮನೆಯ ಎಣಿಕೆಯನ್ನು ಮೇಲಿನ ಕೇರಿಯ ಅಳತೆಗಿತ್ತಿ ಬಂದು ನೋಡುವುದು ನನಗೆ ಇಷ್ಟವಿರಲಿಲ್ಲ, ಅಷ್ಟೇ. ಬೇರೆ ನೆಪವೇನೂ ಇಲ್ಲ. ಅವ್ವ ಮಲಗುವ ಈ ಕೆಳಗಿನ ಕೋಣೆಯಲ್ಲೇ ಬಟ್ಟಲು ಇಟ್ಟೆ, ತೊಂಬತ್ತು ದಿನ ಬಿಟ್ಟು ತೆಗೆದೆ, ಎಣಿಸಿದೆ. ನಲವತ್ತೊಂದು. ಹಿಗ್ಗಿನಿಂದ ಬಾಗಿಲ ಮೇಲೆ ಬರೆದೆ. ಆ ನಲವತ್ತೊಂದನ್ನು ನಂಬಿಯೇ ನಮ್ಮ ಅವ್ವ ಪಾಪಕ್ಕ, ತುಂಬು ಬಸುರಿಯಾಗಿದ್ದ ನನ್ನ ತಂಗಿ ತಂಪಮ್ಮನನ್ನು ಹೆರಿಗೆಗೆ ಕರೆಸಿಕೊಂಡಳು. ಅವಳ ಅತ್ತೆಮನೆಯದು ತೊಂಬತ್ತು. ತೊಂಬತ್ತರ ಮನೆಯಲ್ಲಿ ಹಸುಗೂಸು ಯಾಕೆ, ವರ್ಷ ತುಂಬುವವರೆಗೆ ಇಲ್ಲೇ ಇರಲಿ ಎಂದು ಅವ್ವ ಬೀಗರಿಗೆ ಹೇಳಿ ಕಳಿಸಿದಳು, ಸ್ವಲ್ಪ ಜಂಬದಿಂದಲೇ. ಹೆಣ್ಣುಮಗು ಹುಟ್ಟಿತು. ಬಾಣಂತಿಗೆ ಗಾಳಿ ಸೋಕಬಾರದೆಂದು ಅವ್ವ ಕೋಣೆಯ ಬಾಗಿಲ ಸಂದಿಗೆಲ್ಲ ಹಳೆಯ ಸೀರೆ ತುರುಕಿದಳು. ಸಾಂಬ್ರಾಣಿ, ಬೆಳ್ಳುಳ್ಳಿ, ಎಳೆಗೂಸಿನ ವಾಸನೆ ತುಂಬಿದ ಆ ಕೋಣೆಗೆ ಹೋದರೆ ನನಗೆ ಹೊರಗೆ ಬರಲು ಮನಸ್ಸೇ ಆಗುತ್ತಿರಲಿಲ್ಲ.

ಮಗುವಿಗೆ ಇಪ್ಪತ್ತೆರಡು ದಿನವಾದಾಗ, ಬಳಸಿದ ಬಟ್ಟಲುಗಳನ್ನು ತೊಳೆಯಲು ಕೂತೆ. ನಮ್ಮ ಮನೆಯ ಬಟ್ಟಲಿನ ಮುಚ್ಚಳದ ಅಂಚಿನಲ್ಲಿ ಕುಂಕುಮ ಇತ್ತು. ಒರೆಸಿದ್ದರು, ಆದರೆ ಅಂಚಿನ ಗೀರಿನೊಳಗೆ ಉಳಿದುಕೊಂಡಿತ್ತು. ಮೂಸಿ ನೋಡಿದೆ, ಕರ್ಪೂರ. ಹೋಗಿ ಅವ್ವನನ್ನು ಕೇಳಿದೆ. ಅವಳು ಕಳ್ಳತನದಲ್ಲಿ ಸಿಕ್ಕಿಬಿದ್ದವಳಂತೆ ಕಾಣಲಿಲ್ಲ, ನನ್ನ ದಡ್ಡತನ ಕಂಡು ಬೇಸರಪಟ್ಟವಳಂತೆ ಕಂಡಳು.

“ಮನೇಗ್ ಬಂದೋರ್ನ ಮೂಲೇಲಿ ಕೂರಿಸ್ತಾರಾ? ನಮ್ಮ ಉಸ್ರು ಕಾಯಾಕೆ ಬಂದಿರೋ ದೇವ್ರು ಅದು. ಅದ್ಕೇ ಗೂಡ್ನಾಗೆ ಇಟ್ಟೆ.”

ನಮ್ಮ ದೇವರ ಗೂಡು ಇರುವುದು ಬೆಳಕುಕೊಳವೆಯ ಕೆಳಗೆ, ಇಡೀ ಮನೆಯಲ್ಲಿ ಗಾಳಿಯಾಡುವ ಜಾಗ ಅದೊಂದೇ. ಉಸಿರುಬಟ್ಟಲು ತೊಂಬತ್ತು ದಿನ ಅಲ್ಲಿ ಹೂವಿನ ರಾಶಿಯ ಮರೆಯಲ್ಲಿ ಕುಂಕುಮ, ಮಂಗಳಾರತಿ ಪಡೆದುಕೊಂಡು ಸುಖವಾಗಿತ್ತು. ನಾನು ತೆಗೆಯಲು ಬರುವ ಹಿಂದಿನ ದಿನ ಅವ್ವ ಅದನ್ನು ಒರೆಸಿ ಸ್ಟೂಲಿನ ಮೇಲೆ ವಾಪಸ್ಸು ಇಟ್ಟಿದ್ದಳು. ಇನ್ನೊಬ್ಬ ಅಳತೆಗಿತ್ತಿ ಬಂದಿದ್ದರೆ ನಡುವೆ ಎರಡು ಸಲ ಬಂದು ನೋಡಿ ಹೋಗುತ್ತಿದ್ದಳು. ನನ್ನದೇ ಮನೆ ಎಂದು ನಾನು ಇಣುಕಲೂ ಇಲ್ಲ. ಅವ್ವನದು ಭಕ್ತಿ, ನನ್ನದು ಉಡಾಫೆ.

ಎರಡು ದಿನದಲ್ಲಿ ಅಂದಾಜು ಹೇಳುವ ಚುರುಕುಪೆಟ್ಟಿಗೆಯನ್ನು ಕೋಣೆಯಲ್ಲಿ, ತಂಗಿಯ ಮಂಚದ ಪಕ್ಕ ಇಟ್ಟೆ. ಸಾವಿರದ ನೂರ ನಲವತ್ತು ತೋರಿಸಿತು. ಕೇರಿಯಲ್ಲಿ ಅಂಥ ಎಣಿಕೆಯನ್ನು ನಾನು ನೋಡಿಯೇ ಇರಲಿಲ್ಲ. ಸುಣ್ಣದ ಬಟ್ಟಲು ಹಿಡಿದು ಹೊರಗೆ ಹೋಗಿ, ನಲವತ್ತೊಂದನ್ನು ಒರೆಸಿ, ಎಲ್ಲರೂ ನೋಡುತ್ತಿದ್ದ ಹಾಗೆ ೧೧೪೦ ಎಂದು ಬರೆದೆ. ಎದುರುಮನೆಯವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅವಮಾನ ಎಂದರೆ ಏನೆಂದು ನನಗೆ ಆ ದಿನ ಗೊತ್ತಾಯಿತು.

ಕೋಣೆಯ ಬಾಗಿಲು ತೆಗೆಯಲು ಅವ್ವ ಒಪ್ಪಲಿಲ್ಲ. ಮೇಲಿನ ಕೋಣೆಗೆ ಕರೆದೊಯ್ಯೋಣವೆಂದರೆ ವರ್ಷದ ಎರಡನೆಯ ಬೇಸಿಗೆಯ ಕಾವಿಗೆ ಎಳೆಗೂಸು ತಡೆಯದು. ತಂಗಿ ಮಗುವನ್ನು ಎದೆಗೊತ್ತಿಕೊಂಡು ನನ್ನ ಮುಖವನ್ನೇ ನೋಡಿದಳು. ಅವಳು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಒಂದು ತಿಂಗಳಿಗೆ ಏನೂ ಆಗದೆಂದು ನನಗೆ ಗೊತ್ತು, ಆದರೆ ಆ ಮಗು ಅಲ್ಲೇ ವರ್ಷ ಕಳೆಯಬೇಕಿತ್ತು, ಆಮೇಲೂ ಪ್ರತಿ ಬೇಸಿಗೆಗೆ ಬರಬೇಕಿತ್ತು. ಆಗ ಮುದ್ದೆ ಅಂಗಡಿಯ ಗುರುವಪ್ಪ ಬಂದು, ತನ್ನ ಹಿಂದಿನ ಕೋಣೆ ಖಾಲಿಯಿದೆ, ಎಣಿಕೆ ಎಷ್ಟೆಂದು ತಾನು ಹೇಳಬೇಕಾಗಿಲ್ಲ ಎಂದ. ಬಾಣಂತಿಯನ್ನು ಕಂಬಳಿ ಹೊದಿಸಿ, ಕಿವಿಗೆ ಹತ್ತಿಯಿಟ್ಟು, ನಾವು ಮೆರವಣಿಗೆಯಂತೆ ಮುದ್ದೆ ಅಂಗಡಿಗೆ ಕರೆದುಕೊಂಡು ಹೋದೆವು. ಅವ್ವ ದಾರಿಯುದ್ದಕ್ಕೂ ಗೊಣಗಿದಳು. ಐದು ದಿನ ಅಲ್ಲಿದ್ದು ಗುರುವಪ್ಪನ ಸಾರಿಗೆ ಉಪ್ಪು ಹೆಚ್ಚೆಂದೂ ತೀರ್ಪು ಕೊಟ್ಟಳು.

ಆ ಐದು ದಿನಗಳಲ್ಲಿ ನಾನು ನಿನ್ನ ನೆಲವನ್ನು ಕೊರೆದೆ. ನಿನ್ನ ಪಾದದಿಂದ ಒಂದು ಮೊಳ ದೂರದಲ್ಲಿ ತೂತು ಮಾಡಿ, ಕೆಳಗಿನ ಮಣ್ಣನ್ನು ಬಕೆಟಿನಷ್ಟು ತೋಡಿ ತೆಗೆದು, ಪೈಪು ಇಳಿಸಿ, ಗೋಡೆಗುಂಟ ಹತ್ತಿಸಿ, ಹೊದಿಕೆಯ ಮೇಲಕ್ಕೆ ಒಯ್ದು ಬಿಸಿಲಿನಿಂದ ತಿರುಗುವ ಫ್ಯಾನು ಕೂರಿಸಿದೆ. ಅದು ಕೋಣೆಯ ಗಾಳಿಯನ್ನು ಎಳೆಯಲು ಅಲ್ಲ, ನೆಲದಡಿಯ ಗಾಳಿ ಕೋಣೆಗೆ ಬರುವ ಮೊದಲೇ ಎಳೆದುಕೊಳ್ಳಲು. ಅವ್ವ ನಂಬಲಿಲ್ಲ. ಮಧ್ಯಾಹ್ನ ಕೊಳವೆಯಲ್ಲಿ ಬೆಳಕಿಳಿಯುವ ಹೊತ್ತಿಗೆ ಬಂದು ಕೋಣೆಯ ನಡುವೆ ಎಣ್ಣೆದೀಪ ಹಚ್ಚಿಟ್ಟಳು. ಕುಡಿ ಅಲುಗಲಿಲ್ಲ. ಬಾಣಂತಿಯ ಮಂಚದ ಬಳಿ ಇಟ್ಟಳು, ಅಲುಗಲಿಲ್ಲ. ಕೊನೆಗೆ ನಾನು ಇನ್ನೂ ಮುಚ್ಚಿರದ ಮೂಲೆಯ ಬಿರುಕಿನ ಹತ್ತಿರ ಹಿಡಿದಳು. ಕುಡಿ ಮೆಲ್ಲಗೆ ತಲೆಬಾಗಿ ನೆಲದೊಳಕ್ಕೆ ವಾಲಿತು, ಹಾಗೆಯೇ ನಿಂತಿತು. ನೆಲದಿಂದ ಮೇಲೆ ಬರುತ್ತಿದ್ದ ಗಾಳಿ ಈಗ ಕೆಳಕ್ಕೆ ಹೋಗುತ್ತಿತ್ತು. ಅವ್ವ ಬಹಳ ಹೊತ್ತು ಅದನ್ನೇ ನೋಡುತ್ತ ಕುಕ್ಕರಗಾಲಿನಲ್ಲಿ ಕೂತಿದ್ದಳು. ಬಿರುಕನ್ನು ಮುಚ್ಚಿ ಎರಡು ದಿನ ಅಳೆದರೆ ಅರವತ್ತೆರಡು ಬಂತು. ತೊಂಬತ್ತು ದಿನದ ಬಟ್ಟಲನ್ನು ಈಗ ಮೇಲಿನ ಕೇರಿಯ ಅಳತೆಗಿತ್ತಿ ಇಟ್ಟಿದ್ದಾಳೆ. ಅಲ್ಲಿಯವರೆಗೆ ಬಾಗಿಲ ಮೇಲೆ ೧೧೪೦ ಹಾಗೇ ಇರಬೇಕು, ಇರಲಿ. ತಂಗಿ ಮಗುವಿನೊಂದಿಗೆ ಮರಳಿ ಬಂದಿದ್ದಾಳೆ.

ಆ ದಿನ ದೀಪ ಆರಿಸಿದ ಮೇಲೆ ಅವ್ವ ನೆಲದಿಂದ ಏಳಲಿಲ್ಲ. ನಾನು ಉಪಕರಣಗಳನ್ನು ಒರೆಸುತ್ತಿದ್ದೆ. ಅಪ್ಪ ತೀರಿಕೊಂಡಂದಿನಿಂದ ಮೂವತ್ತೊಂದು ವರ್ಷ ಅವಳು ಮಲಗಿದ್ದು ಆ ಕೋಣೆಯಲ್ಲೇ, ತಂಪೆಂದು.

“ನಂದು ಎಷ್ಟಾಯ್ತಮ್ಮ?” ಎಂದಳು.

ಮನೆಮನೆಗೆ ಹೋಗಿ ಎಣಿಕೆ ಹೇಳುವವಳು ನಾನು. ಅವಳ ಲೆಕ್ಕವನ್ನು ಮನಸ್ಸಿನಲ್ಲೇ ಹಾಕಿದ್ದೆ, ಕುಂಕುಮ ಕಂಡ ರಾತ್ರಿಯೇ ಹಾಕಿದ್ದೆ. ಒರೆಸಿಟ್ಟ ಉಪಕರಣವನ್ನೇ ಮತ್ತೆ ತೆಗೆದು ಒರೆಸಿದೆ. ಅವಳು ಸ್ವಲ್ಪ ಕಾದು, ನನ್ನ ಕೈಮೇಲೆ ಒಂದು ಸಲ ತಟ್ಟಿ, ಮಗುವಿಗೆ ನೀರೆರೆಯುವ ಹೊತ್ತಾಯಿತೆಂದು ಎದ್ದು ಹೋದಳು. ಅವಳಿಗೆ ಏನೂ ಆಗದೆಯೂ ಇರಬಹುದು, ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಆದರೂ ಅವಳು ಕೆಮ್ಮಿದಾಗಲೆಲ್ಲ ನಾನು ಕೆಲಸ ನಿಲ್ಲಿಸಿ ಕೇಳಿಸಿಕೊಳ್ಳುತ್ತೇನೆ. ನನಗೆ ತುಂಬ ಭಯವಾಗುತ್ತದೆ, ಹರ್ಷಿಣಿ. ಇದನ್ನು ಮನೆಯಲ್ಲಿ ಯಾರಿಗೂ ಹೇಳಲಾರೆ, ಅದಕ್ಕೇ ನಿನಗೆ ಹೇಳುತ್ತಿದ್ದೇನೆ.

ತಪ್ಪು ನಿನ್ನವರದೆಂದು ನಾನು ಹೇಳುತ್ತಿಲ್ಲ. ನಿಮ್ಮ ಕೋಣೆಗೆ ಕಿಟಕಿಗಳಿದ್ದವು, ಮುಚ್ಚಿದವರು ನಾವು. ಆದರೂ ಒಂದು ಬೇಡಿಕೆ. ನೀನು ಕಾಲಿಡುವ ಹೊತ್ತಿಗೆ ಈ ಸಿಮೆಂಟು ಹಸಿಯಾಗಿದೆ, ಕಿತ್ತು ಮತ್ತೆ ಹಾಕಬಹುದು. ನಿಮ್ಮ ಬೀದಿಯಲ್ಲಿ ಇನ್ನೂ ಹಾಕದ ನೆಲಗಳಿವೆ. ಅಪ್ಪನಿಗೆ ಹೇಳು, ಗಾರೆಯವರಿಗೆ ಹೇಳು: ಸಿಮೆಂಟಿನ ಕೆಳಗೆ ಒಂದು ಗೇಣು ಜಲ್ಲಿ ಹರಡಿ, ಅದರೊಳಗಿಂದ ಒಂದು ಪೈಪನ್ನು ಮಾಳಿಗೆಯ ಮೇಲಕ್ಕೆ ಬಿಡಲಿ. ಅರ್ಧ ದಿನದ ಕೆಲಸ. ಮನೆಯನ್ನು ಅಳೆಸಿ, ಅಳೆಯುವ ಡಬ್ಬಿಯನ್ನು ಮೂಲೆಯಲ್ಲೇ ಇರಲು ಬಿಡಿ, ಎಷ್ಟೇ ಗೌರವ ಬಂದರೂ. ನಾನು ಕೊರೆದಲ್ಲಿ ಬರೀ ಕೆಮ್ಮಣ್ಣು ಸಿಕ್ಕಿತು, ಜಲ್ಲಿ ಇರಲಿಲ್ಲ. ಈ ಪತ್ರ ನಿನಗೆ ತಲುಪಲಿಲ್ಲ ಎಂದು ಅದರ ಅರ್ಥವಿರಬಹುದು. ನಿನ್ನ ಪಾದದ ಕೆಳಗೆ ಮಾತ್ರ ನಾನು ಕೊರೆದು ನೋಡಿಲ್ಲ, ನೋಡುವುದೂ ಇಲ್ಲ.

ಕಾಗದವನ್ನು ತಗಡಿನ ಡಬ್ಬಿಯಲ್ಲಿಟ್ಟು ಕುಳಿಯ ಬದಿಗೆ ಸೇರಿಸುತ್ತೇನೆ, ಪೈಪಿಗೆ ಅಡ್ಡವಾಗಬಾರದು. ಮುಚ್ಚುವ ಮೊದಲು ಅವ್ವ ಬಂದು, ಯಾರಿಗೆ ಇಷ್ಟುದ್ದ ಬರೆಯುತ್ತಿದ್ದೀಯೆಂದು ಕೇಳಿದಳು. ನಿನ್ನ ಪಾದವನ್ನು ತೋರಿಸಿದೆ. ಬಗ್ಗಿ, ಅದರ ಮೇಲೆ ಅಂಗೈಯಿಟ್ಟು ಅಳತೆ ನೋಡಿದಳು. ಗಾಳಿ ಸೋಕದಂತೆ ಇಬ್ಬರು ಮಕ್ಕಳನ್ನೂ ಒಬ್ಬಳು ಮೊಮ್ಮಗಳನ್ನೂ ಕಾಯ್ದವಳು ತನ್ನದೂ ಒಂದು ಮಾತು ಸೇರಿಸು ಎಂದಳು. ಅವಳು ಹೇಳಿದ ಹಾಗೆಯೇ ಬರೆಯುತ್ತಿದ್ದೇನೆ.

“ಆ ಮಗೂಗೆ ಹೇಳು, ಕಿಟ್ಕಿ ತೆಕ್ಕಂಡು ಮಲಕ್ಕೊಳ್ಳಾಕೆ.”

ನಿನ್ನ ಆಗಮನಾಭಿಲಾಷಿ,
ಮುನಿಚೆಲುವಿ