ಆ ತಡವರಿಕೆ ನಿನ್ನದೇ

ಕೊಟ್ರೇಶಣ್ಣಾ,

ನಮ್ಮ ಶೈಲಕ್ಕನ ಮಗಳು ಸಮೀರಾಳನ್ನು ಹರಿಹರಕ್ಕೆ, ಅವಳ ಅಪ್ಪ-ಅಮ್ಮನ ಹತ್ತಿರ, ಬಿಡಲು ಹೊರಟಿದ್ದೇನೆ. ಇನ್ನು ಅವಳು ಈ ಮನೆಗೆ ಬರುವುದಿಲ್ಲ.

ನಿನ್ನೆ ಬೀಗರೆದುರು ನೀನು ಆ ಕೂಸಿಗೆ ಪೇಪರ್ ಓದಲು ಹೇಳಿದೆ. ಅದು ತಡವರಿಸಿದ್ದಕ್ಕೆ, "ಅಪ್ಪ ಸಾಬ್ರು, ಅವ್ವ ಲಿಂಗಾಯತ್ರು, ಇದಕ್ಕೆ ಓದು ಎಲ್ಲಿಂದ ಬರ್ತೈತೆ?" ಎಂದು ನಕ್ಕೆ.

ಆ ತಡವರಿಕೆ ನಿನ್ನದೇ, ಅಣ್ಣ. ನಿನಗೂ ಒಂದು ಸಾಲು ನೆಟ್ಟಗೆ ಓದಲು ಬರುವುದಿಲ್ಲ. ನಿನ್ನ ಭಾಷಣಗಳನ್ನೆಲ್ಲ ನಾನೇ ಬರೆದು, ಬಾಯಿಪಾಠ ಮಾಡಿಸಿ, ಇಷ್ಟು ವರ್ಷ ಯಾರಿಗೂ ಹೇಳದೆ ಇದ್ದೆ.

ಇಸ್ತ್ರಿ ಮಾಡಿದ ಅಂಗಿ ಕುರ್ಚಿಯ ಮೇಲಿದೆ. ಸಂಜೆ ಸಂಘದ ಸಭೆಯ ಭಾಷಣ ಅದರ ಜೇಬಿನಲ್ಲಿದೆ. ಬೀಗರು ಮುಂದಿನ ಸಾಲಿನಲ್ಲೇ ಕೂತಿರುತ್ತಾರೆ. ನೋಡಿಕೊಂಡು ಓದು.

ಈ ಚೀಟಿಯನ್ನು ಅತ್ತಿಗೆಯ ಕೈಲೇ ಓದಿಸಿಕೊಳ್ಳುತ್ತೀಯ. ಅವರಿಗೂ ಇವತ್ತು ಗೊತ್ತಾಗಲಿ.

ಮಂಗಳಾ