ಗೋಡೆ ಕಡೆಗಿದ್ದ ಪುಟ

ಭಾನುವಾರ, ಏಪ್ರಿಲ್ ೧೯

ಪ್ರೀತಿಯ ಅಕ್ಕನಿಗೆ,

ನಿನ್ನ ಮೂರು ಪತ್ರಗಳೂ ತಲುಪಿವೆ. ಮೂರಕ್ಕೂ ಸೇರಿಸಿ ಒಂದೇ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಬೈಯಲೇಬೇಕಿದ್ದರೆ ಪೂರ್ತಿ ಓದಿದ ಮೇಲೆ ಬೈಯಿ, ಆಗ ಕಾರಣಗಳು ಇನ್ನೂ ಹೆಚ್ಚು ಸಿಗುತ್ತವೆ. ಫೋನಿನಲ್ಲೇ ಹೇಳಬಹುದಿತ್ತು ಎನ್ನುತ್ತೀಯ. ನಮ್ಮ ಎರಡು ಕೋಣೆಯ ಮನೆ ನಿನಗೆ ಗೊತ್ತಲ್ಲ? ಅಡುಗೆಮನೆಯಲ್ಲಿ ಪಿಸುಗುಟ್ಟಿದ್ದು ಹೊರಗಿನ ಮೆಟ್ಟಿಲಿಗೆ ಕೇಳಿಸುತ್ತದೆ. ಆ ಮೆಟ್ಟಿಲ ಮೇಲೆ ಈಗ ಹಗಲಿನ ಹೆಚ್ಚು ಹೊತ್ತು ಅಪ್ಪ ಕೂತಿರುತ್ತಾರೆ.

ಮನೆಯ ಸುದ್ದಿ ಮೊದಲು. ಅಮ್ಮ ಹೊಲಿಗೆ ಯಂತ್ರಕ್ಕೆ ಹೊಸ ಬೆಲ್ಟ್ ಹಾಕಿಸಿದ್ದಾಳೆ, ಅದು ಮೊದಲಿಗಿಂತ ಜೋರಾಗಿ ಕಿರುಚುತ್ತದೆ. ನಾನು ನೀರಿನ ಪಂಪ್‌ಹೌಸಿನಲ್ಲೇ ಇದ್ದೇನೆ. ಹೊತ್ತಿಗೆ ಸರಿಯಾಗಿ ವಾಲ್ವ್ ತಿರುಗಿಸುತ್ತೇನೆ, ಉಳಿದ ಹೊತ್ತೆಲ್ಲ ಯಾರ ಮೇಲಾದರೂ ಸಿಟ್ಟು ಮಾಡಿಕೊಂಡಿರುತ್ತೇನೆ. ಅಪ್ಪ ಅಮಾನತಾಗಿದ್ದಾರೆ.

ಹೌದು ಅಕ್ಕ. ಇಪ್ಪತ್ತಾರು ವರ್ಷ ಬಸ್ ಓಡಿಸಿ ಒಂದು ನಾಯಿಗೂ ತಾಗಿಸದ ಅಪ್ಪ, ನಿವೃತ್ತಿಗೆ ಏಳು ತಿಂಗಳಿರುವಾಗ. ಬುಧವಾರ ಡಿಪೋದಲ್ಲಿ ವಿಚಾರಣೆ. ತಪ್ಪೆಂದು ಬರೆದುಬಿಟ್ಟರೆ ಅಪ್ಪ ಇನ್ನು ಸ್ಟೀರಿಂಗ್ ಮುಟ್ಟುವ ಹಾಗಿಲ್ಲ. ಅದಕ್ಕೇ ಅವರು ನಿನ್ನ ಫೋನಿಗೆ ಬರುತ್ತಿಲ್ಲ. "ದೊಡ್ಡವಳು ಆಸ್ಪತ್ರೆಯಲ್ಲಿ ಹತ್ತು ಜನರ ಗಾಯ ನೋಡ್ತಿರ್ತಾಳೆ, ಅವಳಿಗೆ ಇದೂ ಬೇಡ" ಅಂದರು. ಆದ್ದರಿಂದ ಈ ಪತ್ರ ಕದ್ದು ಬರೆಯುತ್ತಿದ್ದೇನೆ.

ಮಾರ್ಚ್‌ನಲ್ಲಿ ನೀರಿನ ತೊಟ್ಟಿಯ ಫೋಟೊ ಕಳಿಸಿದ್ದೆನಲ್ಲ, ಎಲ್ಲ ಅಲ್ಲಿಂದಲೇ ಶುರುವಾಯಿತು. ಕಾಡಿನೊಳಗಿನ ಎರಡು ಹೊಂಡಗಳೂ ಈ ವರ್ಷ ಬೇಗ ಒಣಗಿದವು. ಬಸ್‌ನಿಲ್ದಾಣದಲ್ಲಿ ಯಾರೋ ಹಂಚುತ್ತಿದ್ದ ಕರಪತ್ರವೊಂದು ನನ್ನ ಕೈಗೆ ಬಂತು: 'ಬಾಯಾರಿದ ಪ್ರಾಣಿಗಳಿಗೆ ನೀವೇನು ಮಾಡಬಹುದು?' ತೊಟ್ಟಿ ಆಳವಾಗಿರಬಾರದು, ಒಂದು ಅಂಚು ಇಳಿಜಾರಾಗಿರಬೇಕು, ಸಣ್ಣ ಪ್ರಾಣಿ ಬಿದ್ದರೆ ಹತ್ತಿ ಬರಲು ಒಳಗೆ ಕಲ್ಲಿಡಬೇಕು, ವಾರಕ್ಕೊಮ್ಮೆ ಪಾಚಿ ಉಜ್ಜಬೇಕು. ಎಲ್ಲ ಬಾಯಿಪಾಠ ಮಾಡಿದೆ. ಸಿಕ್ಕಿದ್ದು ಒಂದೇ ಪ್ರತಿ, ಎಲ್ಲರೂ ಓದಲಿ ಎಂದು ಅದನ್ನು ಪಂಪ್‌ಹೌಸಿನ ಗೋಡೆಗೆ ಅಂಟು ಬಳಿದು ಅಂಟಿಸಿದೆ. ಅಪ್ಪ ನನಗಿಟ್ಟ ಹೆಸರು ನೆನಪಿದೆಯಲ್ಲ? "ನೋಡ್ರಪ್ಪ, ನಮ್ಮ ಕರಪತ್ರ ಇನ್ನೊಂದು ಕರಪತ್ರ ಅಂಟಿಸಿದೆ" ಎಂದು ಬಸ್ಸಿನ ತುಂಬ ಹೇಳಿಕೊಂಡು ಬಂದಿದ್ದರಂತೆ.

ಒಂದು ತೊಟ್ಟಿಗೆ ನೀರು ಬಿಡಲು ಒಪ್ಪಿಗೆ ಕೊಡಿ ಎಂದು ನಮ್ಮ ಸಾಹೇಬರ ಹಿಂದೆ ಹನ್ನೊಂದು ದಿನ ಅಲೆದೆ. ಕೊನೆಗೆ ಅವರು ಕಡತದಿಂದ ತಲೆ ಎತ್ತದೆಯೇ, "ಪೈಪು ಎಲ್ಲಿಗೆ ಮುಗಿಯುತ್ತೋ ಅಲ್ಲಿ ತೊಟ್ಟಿ ಕಟ್ಕೋ. ಅದರಾಚೆ ಒಂದು ಅಡಿ ಕೇಳಿದ್ರೂ ಇಲ್ಲ" ಅಂದರು. ಪೈಪು ಮುಗಿಯುವುದು ಕ್ವಾರಿ ರಸ್ತೆಯ ಈಚೆ. ಕಾಡು ಇರುವುದು ರಸ್ತೆಯ ಆಚೆ. ನಾನು ಅರೆಕ್ಷಣವೂ ಯೋಚಿಸದೆ "ಆಯ್ತು ಸರ್" ಅಂದೆ. ಗೆದ್ದ ಖುಷಿಯಲ್ಲಿ ಕಾಲು ನೆಲದ ಮೇಲಿರಲಿಲ್ಲ.

ಪ್ರಾಣಿಗಳು ಬಂದವು ಅಕ್ಕ. ನಾಲ್ಕನೇ ದಿನಕ್ಕೆ ಜಿಂಕೆಗಳ ಗೊರಸಿನ ಗುರುತು, ವಾರಕ್ಕೆ ನರಿಯದು. ಊರಿನವರು ಮಕ್ಕಳನ್ನು ಕರೆದುಕೊಂಡು ನೋಡಲು ಬರತೊಡಗಿದರು. ಅದೇ ವಾರ ರಸ್ತೆಯ ಮೇಲೆ ಎರಡು ಮೊಲ ಸತ್ತವು. ಆಮೇಲೆ ಒಂದು ಮುಳ್ಳುಹಂದಿ, ಆಮೇಲೆ ಆ ನರಿ. ನನಗೆ ಕಂಡದ್ದು ಗಾಲಿಗಳು ಮಾತ್ರ. 'ನಿಧಾನ! ನೀವು ಓಡಿಸುತ್ತಿರುವುದು ಇನ್ನೊಬ್ಬರ ಮನೆಯಂಗಳದಲ್ಲಿ' ಎಂದು ಚೀಟಿ ಬರೆದು ಕ್ವಾರಿಯ ಲಾರಿಗಳಿಗೆಲ್ಲ ಅಂಟಿಸಿದೆ. ಒಬ್ಬ ಚಾಲಕ ಅದನ್ನು ಕಿತ್ತು ಬೀಡಿ ಹಚ್ಚಿಕೊಂಡ, ನನ್ನ ಎದುರೇ.

ಈ ತಿಂಗಳ ಮೂರನೇ ತಾರೀಖು ಶುಕ್ರವಾರ, ಅಪ್ಪನ ಬೆಳಗಿನ ಆರರ ಬಸ್ಸು. ತೊಟ್ಟಿಯ ಹತ್ತಿರದ ತಿರುವಿನಲ್ಲಿ ಮೂರು ಜಿಂಕೆ ದಾಟಿದವು. ಅಪ್ಪ ನಿಲ್ಲಿಸಿದರು, ದಾಟಿಯಾಯಿತೆಂದು ಗೇರ್ ಹಾಕಿದರು, ಹಿಂದೆ ಉಳಿದಿದ್ದ ನಾಲ್ಕನೆಯದು ಹಾರಿತು. ಕಂಡಕ್ಟರ್ ಮಾಮ ಹೇಳಿದ್ದು ಇಷ್ಟು. ಬ್ರೇಕ್ ಬಿದ್ದ ರಭಸಕ್ಕೆ ನಿಂತಿದ್ದ ಒಬ್ಬ ಅಜ್ಜಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಜಿಂಕೆ ಅಲ್ಲೇ ಸತ್ತಿತು.

ನಾನು ಸೈಕಲ್ ತುಳಿದುಕೊಂಡು ಹೋಗುವಷ್ಟರಲ್ಲಿ ಅಪ್ಪ ಅದರ ಪಕ್ಕ ಕುಕ್ಕರುಗಾಲಿನಲ್ಲಿ ಕೂತಿದ್ದರು. ನಾನು ಅಷ್ಟು ಜನರ ಮುಂದೆ, "ಬ್ರೇಕ್ ಎಲ್ಲಿದೆ ಅಂತ ಇಪ್ಪತ್ತಾರು ವರ್ಷದಲ್ಲಿ ಯಾರೂ ತೋರಿಸಿರಲಿಲ್ವಾ ಅಪ್ಪಾ?" ಎಂದು ಕೇಳಿದೆ. ಅವರು ಎದ್ದು, ಅಜ್ಜಿಯನ್ನು ಆಸ್ಪತ್ರೆಗೆ ಕಳಿಸಲು ಗಾಡಿ ಹುಡುಕಲು ಹೋದರು. ಆಮೇಲೆ ಐದು ದಿನ ನಾನು ಅವರೊಡನೆ ಮಾತು ಬಿಟ್ಟೆ. ಅನ್ನ ಬಡಿಸುವಾಗಲೂ ತಟ್ಟೆಯನ್ನು ಮುಂದಕ್ಕೆ ತಳ್ಳುತ್ತಿದ್ದೆ.

ಅಷ್ಟರಲ್ಲಿ ಡಿಪೋಗೆ ಹೆಸರಿಲ್ಲದ ಒಂದು ದೂರು ಹೋಗಿತ್ತು. ಈ ಚಾಲಕ ದಿನವೂ ಮಿತಿಮೀರಿದ ವೇಗದಲ್ಲಿ ಓಡಿಸುತ್ತಾನೆ ಎಂದು. ಅಪಘಾತ ಒಂದೇ ಆಗಿದ್ದರೆ ಎಚ್ಚರಿಕೆ ಕೊಟ್ಟು ಬಿಡುತ್ತಿದ್ದರಂತೆ, ದೂರೂ ಬಂದದ್ದರಿಂದ ಮ್ಯಾನೇಜರ್ ಕೈ ಕಟ್ಟಿಹೋಯಿತಂತೆ. ಎಂಟನೇ ತಾರೀಖು ಅಪ್ಪನ ಕೈಗೆ ಅಮಾನತಿನ ಕಾಗದ ಬಂತು.

ಮರುದಿನದಿಂದ ಅವರು ಬೆಳಗ್ಗೆ ಐದೂವರೆಗೆ ಮನೆ ಬಿಡತೊಡಗಿದರು. ಡ್ಯೂಟಿ ಇಲ್ಲದವರಿಗೆ ಎಲ್ಲಿಯ ಅವಸರ? ಅಮ್ಮನನ್ನು ಕೇಳಿದರೆ, "ಹೋಗಿ ನೋಡು. ನಿನಗೆ ಕಾಲಿಲ್ವಾ?" ಎಂದು ಯಂತ್ರ ತುಳಿದಳು. ಮೊನ್ನೆ ಗುರುವಾರ ನನಗೆ ಮಧ್ಯಾಹ್ನದ ಪಾಳಿ. ಬೆಳಗ್ಗೆ ಸೈಕಲ್ಲಿನಲ್ಲಿ ಹಿಂದೆಯೇ ಹೋದೆ.

ಅಪ್ಪ ತಿರುವಿನಲ್ಲಿ ನಿಂತಿದ್ದರು. ಕೈಯಲ್ಲಿ ಕೋಲು, ಕೋಲಿಗೆ ಅಮ್ಮ ಅಂಚು ಮಡಚಿ ಹೊಲಿದುಕೊಟ್ಟ ಕೆಂಪು ಬಟ್ಟೆ. ಆಚೆ ಪೊದೆ ಅಲ್ಲಾಡಿದರೆ ಸಾಕು, ರಸ್ತೆಯ ನಡುವೆ ಬಂದು ಕೋಲೆತ್ತುತ್ತಿದ್ದರು. ಒಂದು ಲಾರಿ ಕಿರ್ರೆಂದು ನಿಂತಿತು. ಅದೇ ಬೀಡಿ ಚಾಲಕ ತಲೆ ಹೊರಗೆ ಹಾಕಿದ.

"ಏನ್ ಡ್ರೈವರಣ್ಣ, ಬಸ್ ಕಿತ್ಕೊಂಡು ಜಿಂಕೆ ಕಾಯೋ ಡ್ಯೂಟಿ ಕೊಟ್ರಾ?"

"ಹೂಂ ಕಣಪ್ಪ. ಇದರಲ್ಲಿ ಚಿಲ್ಲರೆ ಕೇಳೋರ ಕಾಟ ಇಲ್ಲ. ಎರಡು ನಿಮಿಷ ಎಂಜಿನ್ ಆಫ್ ಮಾಡು, ಹಿಂದೆ ಇನ್ನೊಂದು ಇರುತ್ತೆ. ಯಾವಾಗ್ಲೂ ಹಿಂದೆ ಇನ್ನೊಂದು ಇರುತ್ತೆ."

ಅವನು ಗೊಣಗಿದ, ಆದರೆ ಆಫ್ ಮಾಡಿದ. ಮೂರು ದಾಟಿದವು. ಸ್ವಲ್ಪ ಹೊತ್ತಿನ ಮೇಲೆ ಒಂದು ಮರಿ. ನನ್ನ ಇಷ್ಟೊಂದು ಚೀಟಿಗಳು ಮಾಡದ್ದನ್ನು ಒಂದು ತುಂಡು ಬಟ್ಟೆ ಮಾಡಿತು.

ಲಾರಿ ಹೋದ ಮೇಲೆ ಅಪ್ಪ ನನ್ನನ್ನು ನೋಡಿದರು. ಹೊಸದೇನೂ ಆಗಿಲ್ಲವೆಂಬಂತೆ, "ಬಾ ಕರಪತ್ರ, ಟೀ ಇದೆ" ಎಂದು ಫ್ಲಾಸ್ಕಿನ ಮುಚ್ಚಳದಲ್ಲಿ ಸುರಿದುಕೊಟ್ಟರು. ಆಮೇಲೆ ಕೇಳಿದರು: "ಒಂದು ಮಾತು ಕೇಳ್ತೀನಿ, ಸಿಟ್ಟಾಗ್ಬೇಡ. ನೀರು ಆ ಕಡೆನೇ ಇಟ್ಟಿದ್ರೆ ಇವು ಯಾಕೆ ರಸ್ತೆ ದಾಟ್ತಿದ್ವು?"

"ಎಲ್ಲ ಆ ಕರಪತ್ರದಲ್ಲಿ ಹೇಳಿದ ಹಾಗೇ ಮಾಡಿದ್ದೀನಿ ಅಪ್ಪಾ."

"ಹಾಗಾ? ಸರಿ ಹಾಗಾದ್ರೆ."

ಆ 'ಸರಿ' ನನಗೆ ಉರಿಯಿತು. ತಂದು ಮುಖಕ್ಕೆ ಹಿಡಿಯುತ್ತೇನೆ ಎಂದು ನೇರ ಪಂಪ್‌ಹೌಸಿಗೆ ಹೋದೆ. ಗೋಡೆ ತೇವ ಹಿಡಿದಿತ್ತು, ಕರಪತ್ರ ಮೂಲೆಯಿಂದ ಹಾಗೇ ಸುಲಿದು ಬಂತು. ಆಗ ನೋಡಿದೆ ಅಕ್ಕ. ಅದಕ್ಕೆ ಹಿಂಬದಿಯೂ ಇತ್ತು. ಸಣ್ಣ ಅಕ್ಷರ, ಅಚ್ಚುಹಾಕಿಸಿದವರ ವಿಳಾಸ ಏನಾದರೂ ಇರಬೇಕೆಂದುಕೊಂಡು ಅಂದು ಅಂಟು ಬಳಿದಿದ್ದೆ. ಅರ್ಧ ಅಕ್ಷರ ಗೋಡೆಯಲ್ಲೇ ಉಳಿದಿತ್ತು, ಉಳಿದರ್ಧ ಓದಲು ಸಾಕಾಗಿತ್ತು. ಮೊದಲ ಸಾಲು: 'ಎಲ್ಲಿ ಇಡಬಾರದು? ನೀರಿಗಾಗಿ ಪ್ರಾಣಿ ರಸ್ತೆ ದಾಟಬೇಕಾದ ಕಡೆ ಎಂದಿಗೂ ಇಡಬೇಡಿ.' ಅದರ ಕೆಳಗೆ: 'ಜನ ಬಂದು ನೋಡುವ ಕಡೆ ಇಡಬೇಡಿ.' ಊರಿಗೆಲ್ಲ ಓದಿ ಎಂದು ಹೇಳುತ್ತಿದ್ದ ನಾನು ಅರ್ಧವನ್ನೇ ಓದಿದ್ದೆ, ಉಳಿದರ್ಧವನ್ನು ಯಾರೂ ಓದದಂತೆ ಅಂಟಿಸಿದ್ದೆ.

ನೀರು ನಿಲ್ಲಿಸಿಬಿಡೋಣವೆಂದರೆ ಆಗದು. ಇಡೀ ಬೇಸಿಗೆ ಅವಕ್ಕೆ ಇದನ್ನೇ ರೂಢಿ ಮಾಡಿಸಿದ್ದೇನೆ, ಒಳಗಿನ ಹೊಂಡಗಳು ಒಣಗಿವೆ. ಶುಕ್ರವಾರ ಸಾಹೇಬರ ಮುಂದೆ ನಿಂತು, ರಸ್ತೆಯಡಿಯ ಮೋರಿಯಲ್ಲಿ ಒಂದು ಪೈಪು ತೂರಿಸಿ ತೊಟ್ಟಿಯನ್ನು ಆಚೆ ಮಾಡೋಣ ಎಂದೆ.

"ನೀರು ನಮ್ದು. ಮೋರಿ ರಸ್ತೆಯವರ್ದು. ಆಚೆ ಅರಣ್ಯದವರ್ದು. ಮೂರೂ ಕಡೆ ಅರ್ಜಿ ಹಾಕು."

"ಅಷ್ಟರಲ್ಲಿ ಮಳೆ ಬರುತ್ತೆ ಸರ್."

"ಬಂದ್ರೆ ಒಳ್ಳೇದೇ ಅಲ್ವಾ? ಪೈಪೇ ಬೇಡ."

ಅವರ ಮೇಜಿನ ಗಾಜನ್ನು ಒಡೆಯದೆ ಹೊರಗೆ ಬಂದೆ, ಅದಕ್ಕೊಂದು ಪದಕ ಕೊಡಬೇಕು. ಮೂರೂ ಅರ್ಜಿ ಹಾಕಿದ್ದೇನೆ. ಆಚೆಯ ಅರಣ್ಯ ಕಾವಲುಗಾರ ಮಾತ್ರ ಮನುಷ್ಯನಂತೆ ಮಾತಾಡಿದ. "ಬರಹದಲ್ಲಿ ಏನೂ ಕೊಡಲ್ಲ, ಆದರೆ ಒಳಗೆ ಒಂದು ಬಂಡೆ ಇದೆ, ನಡುವೆ ತಗ್ಗಾಗಿದೆ. ಅದರಲ್ಲಿ ನೀವು ನೀರು ಸುರಿಯೋದನ್ನ ನಾನು ನೋಡಿಲ್ಲ" ಅಂದ. ನಿನ್ನೆಯಿಂದ ನಾನು, ಅಮ್ಮ, ಕಂಡಕ್ಟರ್ ಮಾಮ ಸೈಕಲ್ಲಿಗೆ ಕ್ಯಾನು ಕಟ್ಟಿ ಅಲ್ಲಿಗೆ ಹೊರುತ್ತಿದ್ದೇವೆ. ಈಚೆಯ ತೊಟ್ಟಿಯಲ್ಲಿ ದಿನಕ್ಕೆ ನಾಲ್ಕು ಬೆರಳಿನಷ್ಟು ನೀರು ಕಡಿಮೆ ಮಾಡುತ್ತಿದ್ದೇನೆ. ನೋಡಲು ಬರುವವರನ್ನು ಬರಬೇಡಿ ಎಂದು ಓಡಿಸುತ್ತಿದ್ದೇನೆ. "ಮೊನ್ನೆ ನೀವೇ ಬನ್ನಿ ಅಂದಿದ್ರಲ್ಲ" ಎನ್ನುತ್ತಾರೆ. ಹೌದು, ನಾನೇ ಅಂದಿದ್ದೆ. ಇಂದು ಬೆಳಗ್ಗೆ ಎರಡು ಜಿಂಕೆ ಬಂಡೆಯ ಹತ್ತಿರ ಮೂಗಾಡಿಸಿ, ಕುಡಿಯದೆ, ಮತ್ತೆ ರಸ್ತೆಯ ಕಡೆಗೇ ಹೊರಟವು. ಅಪ್ಪ ಕೋಲೆತ್ತಿಕೊಂಡು ನಿಂತರು. ರೂಢಿ ಮಾಡಿಸಲು ಒಂದು ವಾರ ಸಾಕಾಗಿತ್ತು, ಬಿಡಿಸಲು ಎಷ್ಟು ಬೇಕೋ.

ಕರಪತ್ರದ ಹಿಂಬದಿಯನ್ನು ಅಪ್ಪನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. "ಪಾಪ, ಸಣ್ಣ ಅಕ್ಷರದಲ್ಲಿ ಹಾಕಿಬಿಟ್ಟಿದ್ದಾರೆ" ಅಂದರು, ಅಷ್ಟೇ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ನೀನು ರಜೆ ಹಾಕಿ ಓಡಿ ಬರಬೇಡ. ಬುಧವಾರ ಕಳೆದ ಮೇಲೆ ಅಪ್ಪನಿಗೆ ಫೋನ್ ಮಾಡು, ಬಸ್ಸಿನ ಸುದ್ದಿ ಬಿಟ್ಟು ಬೇರೆ ಏನಾದರೂ ಕೇಳು. ಪುಟ್ಟಿಗೆ ಚಿಕ್ಕಮ್ಮನ ಮುತ್ತು. ಅವಳಿಗೆ ಓದಲು ಬಂದಾಗ ಮೊದಲು ಹಾಳೆ ಮಗುಚಿ ನೋಡುವುದನ್ನು ಕಲಿಸು. ಅಮ್ಮ ಇಬ್ಬರಿಗೂ ಆಶೀರ್ವಾದ ಹೇಳಿದ್ದಾಳೆ. ನಿನ್ನ ಆಶೀರ್ವಾದ ನನಗೆ ಈ ವಾರ ತುಂಬ ಬೇಕು, ಕೇಳಲು ಮುಖವಿಲ್ಲ.

ನಿನ್ನ ತಂಗಿ,
ಕರಪತ್ರ

ಮರೆತ ಮಾತು: ಮರೆತದ್ದಲ್ಲ, ಐದು ಹಾಳೆ ತುಂಬಿಸಿ ತಪ್ಪಿಸಿಕೊಂಡದ್ದು. ಆ ದೂರು ಬರೆದವಳು ನಾನು. ಜಿಂಕೆ ಸತ್ತ ದಿನ ಮಧ್ಯಾಹ್ನ, ಪಂಪ್‌ಹೌಸಿನಲ್ಲಿ ಕೂತು, ಕೆಳಗೆ 'ಒಬ್ಬ ಪ್ರಾಣಿಪ್ರೇಮಿ' ಎಂದು ಹಾಕಿ. ಸ್ವಂತ ಅಪ್ಪನೆಂದು ಬಿಟ್ಟರೆ ನನ್ನ ನ್ಯಾಯ ಎಂಥ ನ್ಯಾಯ ಎಂದು ಎದೆಯುಬ್ಬಿಸಿಕೊಂಡು ಬರೆದೆ. 'ದಿನವೂ ಅತಿವೇಗದಲ್ಲಿ ಓಡಿಸುವುದನ್ನು ಕಣ್ಣಾರೆ ಕಂಡಿದ್ದೇನೆ' ಎಂದು ಬರೆದೆ. ಒಂದು ದಿನವೂ ಕಂಡಿರಲಿಲ್ಲ ಅಕ್ಕ. ಆರರ ಬಸ್ಸು ಹೋಗುವ ಹೊತ್ತಿಗೆ ನಾನು ವಾಲ್ವ್ ತಿರುಗಿಸುತ್ತಿರುತ್ತೇನೆ. ಬುಧವಾರ ಡಿಪೋಗೆ ಹೋಗಿ ಅದರ ಕೆಳಗೆ ನನ್ನ ನಿಜವಾದ ಹೆಸರು ಬರೆದು, ಆ ಸಾಲನ್ನು ಎಲ್ಲರೆದುರು ಹೊಡೆದುಹಾಕುತ್ತೇನೆ. ತೊಟ್ಟಿ ಎಲ್ಲಿದೆ, ಅಲ್ಲಿ ಇಟ್ಟವರು ಯಾರು ಎಂದೂ ಹೇಳುತ್ತೇನೆ. ಅದಕ್ಕೆ ಮೊದಲು ಅಪ್ಪನಿಗೆ ಹೇಳಬೇಕೆಂದು ನಿನ್ನೆ ಕ್ಯಾನು ಹೊರುತ್ತಾ ಮಾತು ಜೋಡಿಸಿಕೊಳ್ಳುತ್ತಿದ್ದೆ. ಪಕ್ಕದಲ್ಲಿದ್ದ ಕಂಡಕ್ಟರ್ ಮಾಮ, ಏನೂ ಗೊತ್ತಿಲ್ಲದೆ, ನಗುತ್ತಾ ಒಂದು ಕಥೆ ಹೇಳಿದರು. ಅಮಾನತಿನ ಕಾಗದ ಕೊಡುವಾಗ ಮ್ಯಾನೇಜರ್ ಆ ದೂರನ್ನು ಅಪ್ಪನ ಮುಂದಿಟ್ಟು, ಯಾರ ಕೈಬರಹ ಗುರುತು ಸಿಗುತ್ತಾ ಎಂದು ಕೇಳಿದರಂತೆ. ಅಪ್ಪ ತುಂಬ ಹೊತ್ತು ನೋಡಿ "ಇಲ್ಲ ಸರ್" ಅಂದರಂತೆ. ಹೊರಗೆ ಬಂದು ಮೆಟ್ಟಿಲಿಳಿಯುತ್ತಾ, "ಅಕ್ಷರ ಮಾತ್ರ ದುಂಡಗೆ ಚೆನ್ನಾಗಿದೆ, ಅಲ್ವೇನಯ್ಯಾ?" ಅಂದರಂತೆ. ಅದು ಎಂಟನೇ ತಾರೀಖು. ಮರುದಿನ ಬೆಳಗ್ಗೆಯೇ ಅವರು ಕೆಂಪು ಬಟ್ಟೆ ಹಿಡಿದುಕೊಂಡು ನನ್ನ ತೊಟ್ಟಿಯ ಹತ್ತಿರ ಹೋಗಿ ನಿಂತದ್ದು.