ಕ್ಷಯದ ಕ್ರಿಮಿ ಕಾಣದ ಸೂಕ್ಷ್ಮದರ್ಶಕವನ್ನು ಆರಿಸಿದವರಿಗೆ

ಉಪಕರಣ ಖರೀದಿ ಸಮಿತಿಯ ಮಾನ್ಯ ಅಧ್ಯಕ್ಷರೇ,

ತಾವು ನಮ್ಮ ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಆರಿಸಿ ಕಳಿಸಿದ ಸೂಕ್ಷ್ಮದರ್ಶಕದಲ್ಲಿ ಕ್ಷಯದ ಕ್ರಿಮಿ ಕಾಣುವುದಿಲ್ಲ. ಕಂಡಿದ್ದರೆ ನನ್ನ ತಾಯಿಯ ಕಾಯಿಲೆ ಮನೆಯ ಮಗುವಿಗೆ ಹರಡುತ್ತಿರಲಿಲ್ಲ.

ನಾನು ಜಗಳೂರಿನ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ತಾಯಿ ಹೊನ್ನೂರಮ್ಮ ಬಿಳಿಚೋಡಿನ ಆಚೆಯ ಹಳ್ಳಿಯಲ್ಲಿ ಅಣ್ಣನ ಜೊತೆಗಿದ್ದಾರೆ. ಬೇಸಿಗೆಯಲ್ಲಿ ಹಿಡಿದ ಕೆಮ್ಮು ಮಳೆಗಾಲ ಬಂದರೂ ಬಿಡಲಿಲ್ಲ. ಕಫ ಪರೀಕ್ಷೆ ಮಾಡಿಸಿದೆವು. 'ಕ್ರಿಮಿ ಕಂಡುಬಂದಿಲ್ಲ' ಎಂದು ವರದಿ ಬಂತು. ಮತ್ತೆ ಮಾಡಿಸಿದಾಗಲೂ ಅದೇ. ಅಣ್ಣನ ಪುಟ್ಟ ಮಗಳನ್ನು ಬೇರೆ ಮಲಗಿಸೋಣವೆಂದರೆ ತಾಯಿ ಒಪ್ಪಲಿಲ್ಲ. "ಏನೂ ಇಲ್ಲ ಅಂತ ಬರ್ದು ಕೊಟ್ಟಾರಲ್ಲ, ಕೂಸು ನನ್ ಪಕ್ಕನೇ ಮಲಗ್ಲಿ ಬಿಡು" ಎಂದರು. ಸರ್ಕಾರಿ ಮೊಹರಿನ ವರದಿಯನ್ನು ಅವರು ನಂಬದೆ ಇನ್ನೇನು ಮಾಡಬೇಕಿತ್ತು?

ಕೆಮ್ಮಿನಲ್ಲಿ ರಕ್ತ ಬಂದ ದಿನ ನಾನೇ ಆರೋಗ್ಯ ಕೇಂದ್ರದ ಪ್ರಯೋಗಾಲಯಕ್ಕೆ ನುಗ್ಗಿದೆ. ಮೇಜಿನ ಮೇಲೆ ತಮ್ಮ ಹೊಸ ಯಂತ್ರವಿತ್ತು. ಕ್ಯಾಮೆರಾ ಇದೆ, ಟಿವಿಯಂಥ ಪರದೆ ಇದೆ, ಉದ್ಘಾಟನೆಯ ರಿಬ್ಬನ್ ಕೂಡ ಇದೆ. ಕ್ಷಯದ ಕ್ರಿಮಿ ನೋಡಲು ಬೇಕಾದ, ಎಣ್ಣೆಯ ಹನಿಯಲ್ಲಿ ಅದ್ದಿ ನೋಡುವ ನೂರು ಪಟ್ಟಿನ ಲೆನ್ಸ್ ಮಾತ್ರ ಇಲ್ಲ. ಅದರ ಜಾಗಕ್ಕೆ ಪ್ಲಾಸ್ಟಿಕ್ ಮುಚ್ಚಳ ಹಾಕಿದೆ.

"ಇದ್ರಾಗೆ ಕಾಣಾಕೆ ಸಾಧ್ಯನೇ ಇಲ್ಲ ರೀ ಮೇಡಂ. ಲೆನ್ಸ್ ಕೇಳಿದ್ರೆ, ಇರೋದ್ರಾಗೆ ನೋಡಿ ವರದಿ ಕೊಡು ಅಂತಾರೆ ಮೇಲಿನೋರು" ಎಂದರು ತಂತ್ರಜ್ಞ ಮಾಲತೇಶ್.

"ಮತ್ತೆ ಕಂಡುಬಂದಿಲ್ಲ ಅಂತ ಹೆಂಗೆ ಬರೆದ್ರಿ?"

"ಕಾಣ್ಲಿಲ್ಲ ರೀ. ಅದಕ್ಕೇ ಬರ್ದೆ."

ಅವರ ಕೊರಳು ಹಿಡಿಯುವಷ್ಟು ಸಿಟ್ಟು ಬಂತು. ಅವರು ತಲೆ ತಗ್ಗಿಸಿ, ಬಣ್ಣ ಹಾಕಿ ಒಣಗಿಸಿದ್ದ ತಾಯಿಯ ಕಫದ ಸ್ಲೈಡ್ ತೆಗೆದುಕೊಂಡು ನನ್ನ ಜೊತೆ ಕಾಲೇಜಿಗೆ ಬಂದರು. ನಮ್ಮದು ಹಳೆಯ ಸೂಕ್ಷ್ಮದರ್ಶಕ, ಅಂದಚೆಂದವಿಲ್ಲ, ಆದರೆ ಆ ಲೆನ್ಸ್ ಇದೆ. ಎಣ್ಣೆ ಹಾಕಿ, ಉಸಿರು ಬಿಗಿಹಿಡಿದು ನೋಡಿದೆ. ನೀಲಿಯ ನಡುವೆ ಕೆಂಪು ಕಡ್ಡಿಗಳು, ಕ್ಷಯದ ಕ್ರಿಮಿಗಳು. ಒಂದೆರಡಲ್ಲ, ಎಲ್ಲಿ ಸರಿಸಿದರೂ ಇದ್ದವು. ಪಾಠದಲ್ಲಿ ಎಷ್ಟೋ ಸಲ ಚಿತ್ರ ಬರೆದು ತೋರಿಸಿದ್ದೇನೆ. ಅಂದು ಅವು ನನ್ನ ತಾಯಿಯ ಕಫದಲ್ಲಿದ್ದವು.

ದಾವಣಗೆರೆಯ ಪರೀಕ್ಷೆಯೂ ಅದನ್ನೇ ಹೇಳಿತು. ತಾಯಿಗೆ ಚಿಕಿತ್ಸೆ ಶುರುವಾಯಿತು, ಈಗ ಎದ್ದು ಓಡಾಡುತ್ತಾರೆ. ಆದರೆ ಅಷ್ಟರಲ್ಲಿ ಮಗುವಿನ ಕೊರಳಲ್ಲಿ ಕ್ಷಯದ ಗಂಟು ಎದ್ದಿತ್ತು. ಅದಕ್ಕೂ ಈಗ ದಿನಾ ಮಾತ್ರೆ. "ನನ್ನಿಂದ್ಲೇ ಬಂತಲ್ಲೇ" ಎಂದು ತಾಯಿ ಕೇಳುತ್ತಾರೆ. ಏನೆಂದು ಉತ್ತರಿಸಲಿ? ತಾವೇ ಬಂದು ಹೇಳುತ್ತೀರಾ?

ಯಂತ್ರ ಆರಿಸುವ ಮುನ್ನ, ಇದರಲ್ಲಿ ಏನನ್ನು ನೋಡಬೇಕು ಎಂದು ಯಾರನ್ನಾದರೂ ಕೇಳಿದ್ದಿರಾ? ಅಥವಾ ಪರದೆಯ ಅಗಲವಷ್ಟೇ ಸಾಕೆನಿಸಿತೇ? ಲೆನ್ಸ್ ಕಳಿಸಿ, ಅದು ತಮ್ಮ ಕರ್ತವ್ಯ. ನನ್ನ ಒತ್ತಾಯ ಬೇರೆ. ಈ ಯಂತ್ರ ಬಂದಾಗಿನಿಂದ 'ಕಂಡುಬಂದಿಲ್ಲ' ಎಂದು ಮನೆಗೆ ಕಳಿಸಿದ ಪ್ರತಿಯೊಬ್ಬರನ್ನೂ ಹುಡುಕಿ, ವಾಪಸ್ ಕರೆಸಿ, ಮತ್ತೆ ಪರೀಕ್ಷಿಸಿ. ಅವರಲ್ಲಿ ಎಷ್ಟೋ ಮಂದಿ ಇವತ್ತೂ ನೆಮ್ಮದಿಯಿಂದ ಮಕ್ಕಳನ್ನು ಪಕ್ಕದಲ್ಲಿ ಮಲಗಿಸಿಕೊಳ್ಳುತ್ತಿದ್ದಾರೆ.

ಇಂತಿ,
ವರದಿ ನಂಬಿ ತಾಯಿಗೆ ಶುಂಠಿ ಕಷಾಯ ಕುಡಿಸುತ್ತಿದ್ದ ಜೀವಶಾಸ್ತ್ರದ ಮೇಡಂ,
ಅರ್ಪಿತಾ, ಜಗಳೂರು